ತಿಥಿ ನೋಡಿ ಬರುವ ನೀರು

ಮಗಳು ಒಂದನೇ ಕ್ಲಾಸಿಗೆ ಸೇರಿ ಐದು ತಿಂಗಳಾದ ಮೇಲೆ ಅವಳ ಟೀಚರು ನನ್ನನ್ನು ಕರೆದು ಮೆಲ್ಲಗೆ ಕೇಳಿದರು: "ನಿಮ್ಮ ಮಗಳಿಗೆ ಮಾತು ಬರ್ತದಲ್ಲ?"

ಕೊಂಕಿನಿಂದ ಕೇಳಿದ್ದಲ್ಲ. ಅಷ್ಟು ದಿನದಲ್ಲಿ ಅವರು ಅವಳ ದನಿಯನ್ನೇ ಕೇಳಿರಲಿಲ್ಲ. ಹಾಜರಿ ಕೂಗಿದಾಗ ಕೈ ಎತ್ತುತ್ತಿದ್ದಳಂತೆ, ಅಷ್ಟೇ. ನನಗೆ ನಂಬಲಿಕ್ಕೇ ಆಗಲಿಲ್ಲ. ಮನೆಯಲ್ಲಿ ಅವಳ ಬಾಯಿ ಮುಚ್ಚಿಸುವುದೇ ಒಂದು ಕೆಲಸ. ತಮ್ಮನ ಜೊತೆ, ದನದ ಜೊತೆ, ದೇವರ ಕೋಣೆಯ ಗಂಟೆಯ ಜೊತೆಗೂ ಮಾತು. ಅಂಥವಳು ನಮ್ಮೂರು ಕಾಗಾಲದಿಂದ ಕುಮಟೆಗೆ ಹೋಗುವ ಶಾಲೆಯ ವ್ಯಾನು ಹತ್ತಿದ ಕೂಡಲೇ ಮೂಕಿಯಾಗುತ್ತಿದ್ದಳು. ಸಂಜೆ ಇಳಿದ ಮೇಲೂ ಮಾತು ಮರಳಲು ಒಂದು ತಾಸು ಬೇಕಾಗುತ್ತಿತ್ತು. ಆಮೇಲಾಮೇಲೆ ಆ ಒಂದು ತಾಸು ರಾತ್ರಿಯ ಊಟದವರೆಗೆ ಬೆಳೆಯಿತು.

ಅವಳನ್ನು ಮನೆಯಲ್ಲೇ ಇಟ್ಟುಕೊಂಡು ಕಲಿಸೋಣ ಎಂದು ನಾನು ಗಂಡನಿಗೆ ಹೇಳಿದಾಗ ಅವರು ಭಟ್ಕಳದ ಕಡೆ ಒಂದು ಸತ್ಯನಾರಾಯಣ ಪೂಜೆಗೆ ಹೊರಟಿದ್ದರು. "ಅಪ್ಪನ್ನ ಕೇಳು" ಎಂದು ಬೈಕು ಹತ್ತಿ ಹೋದರು. ನನಗೆ ಹೆದರಿಕೆ ಇದ್ದದ್ದೇ ಮಾವನವರದು. ಐವತ್ತು ವರ್ಷ ಊರಿನ ದೇವಸ್ಥಾನದಲ್ಲಿ ಪೂಜೆ ಮಾಡಿದವರು. ಮಡಿ, ಏಕಾದಶಿ, ಮೂರು ಹೊತ್ತಿನ ಸಂಧ್ಯಾವಂದನೆ ಒಂದೂ ತಪ್ಪಿದವರಲ್ಲ. ಮನೆಯಲ್ಲೇ ಕಲಿಸುವುದೆಂದರೆ ಅವರು ಮೊಮ್ಮಗನಿಗೆ ಮಂತ್ರ, ಮೊಮ್ಮಗಳಿಗೆ ರಂಗೋಲಿ ಎಂದು ಹಂಚಿಬಿಟ್ಟಾರು ಎಂದುಕೊಂಡಿದ್ದೆ.

ಅವರು ಜಗಲಿಯಲ್ಲಿ ಕೂತು ದರ್ಭೆ ಕಟ್ಟುತ್ತಿದ್ದರು. ಪೂರ್ತಿ ಕೇಳಿ, ಕಟ್ಟು ಬಿಗಿದು, ಹೇಳಿದರು: "ಕೂಸು ಇಲ್ಲಿ ಬೇಕಾದಷ್ಟು ಮಾತಾಡ್ತು. ಅಲ್ಲಿ ಮಾತಾಡ್ತಿಲ್ಲೆ ಅಂದ್ರೆ ಅಲ್ಲಿ ಎಂತದೋ ಕೂಡಿ ಬರ್ತಾ ಇಲ್ಲೆ. ನಾನೂ ಮನೆಲೇ ಕಲ್ತವ. ಇರ್ಲಿ. ಆದ್ರೆ ಸುಮ್ನೆ ಕೂರ್ಲಾಗ."

ಆತು, ಇಷ್ಟು ಸುಲಭವೇ ಎಂದು ನಾನು ಉಬ್ಬಿದೆ. ಮದುವೆಗೆ ಮೊದಲು ಹೊನ್ನಾವರದ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಆರು ವರ್ಷದ ಮಗಳು, ನಾಲ್ಕು ವರ್ಷದ ಮಗ, ಇಬ್ಬರನ್ನು ಸಂಭಾಳಿಸುವುದು ಯಾವ ದೊಡ್ಡ ಮಾತು? ಜಗಲಿಯ ಗೋಡೆಗೆ ಕರಿಹಲಗೆ ಹೊಡೆಸಿದೆ. ವೇಳಾಪಟ್ಟಿ ಬರೆದೆ. ಒಂಬತ್ತೂವರೆಗೆ ಕನ್ನಡ, ಹತ್ತೂಕಾಲಿಗೆ ಲೆಕ್ಕ. ಮೂರನೆಯ ದಿನ ಮಗ ಹಲಗೆಯ ಕೆಳಗೆ ನಿದ್ದೆ ಹೋದ. ಎರಡನೆಯ ವಾರ ಮಗಳು ನನ್ನೆದುರೂ ಕೈ ಎತ್ತತೊಡಗಿದಳು. ಬಾಯಿ ಬಿಡದೆ, ಶಾಲೆಯಲ್ಲಿ ಎತ್ತುತ್ತಿದ್ದಂತೆಯೇ. ನಾನು ಅಡುಗೆಮನೆಗೆ ಹೋಗಿ ಅತ್ತೆ.

ನೀರು ಕುಡಿಯಲು ಬಂದ ಮಾವನವರು ಬಾಗಿಲಲ್ಲೇ ನಿಂತು ಕೇಳಿದರು: "ನೀ ಶಾಲೆ ಬಿಡಿಸಿದ್ಯಾ, ಶಾಲೆನೇ ಮನೆಗೆ ತಂದ್ಯಾ?"

ಮರುದಿನ ಹಲಗೆಗೆ ಹಳೆಯ ಪಂಚೆ ಹೊದಿಸಿ, ಮಕ್ಕಳಿಬ್ಬರ ಕೈ ಹಿಡಿದು ನದಿಗೆ ಹೋದೆ. ಬೇರೆ ಏನೂ ತೋಚಿರಲಿಲ್ಲ. ನಮ್ಮ ಮನೆಯಿಂದ ಅಘನಾಶಿನಿಯ ದಂಡೆಗೆ ಐದು ನಿಮಿಷದ ದಾರಿ. ಸಮುದ್ರ ಹತ್ತಿರವೇ ಇರುವುದರಿಂದ ಹೊಳೆಯ ನೀರು ದಿನಕ್ಕೆರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಅಂದು ನೀರು ಇಳಿದು ಕೆಸರು ತೆರೆದಿತ್ತು. ಸೊಂಟಕ್ಕೆ ಬುಟ್ಟಿ ಕಟ್ಟಿದ ಒಬ್ಬ ಹೆಂಗಸು ಬಗ್ಗಿ ಬೆಳಚು ಹೆಕ್ಕುತ್ತಿದ್ದಳು. ಬೆಳಚು ಅಂದರೆ ಕೆಸರಿನೊಳಗಿನ ಚಿಪ್ಪಿ. ದಂಡೆಯ ಮೇಲಿನ ಕೇರಿಯವಳು, ನನಗೆ ಮುಖ ಪರಿಚಯ ಅಷ್ಟೇ.

ಮಗಳು ನೆಟ್ಟಗೆ ಅವಳ ಹತ್ತಿರ ಹೋಗಿ ನಿಂತಳು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೇಳಿಯೇಬಿಟ್ಟಳು: "ನೀರು ಯಾವಾಗ ಬತ್ತು ಹೇಳಿ ನಿಂಗೆ ಹ್ಯಾಂಗೆ ಗೊತ್ತಾಗ್ತು?"

ಹೊರಗಿನವರೊಡನೆ ತಿಂಗಳುಗಟ್ಟಲೆ ತುಟಿ ಬಿಚ್ಚದವಳು! ನಾನು ಮಗನ ಕೈ ಹಿಡಿದು ಅಲ್ಲೇ ನಿಂತೆ.

ಆ ಹೆಂಗಸು ತಲೆ ಎತ್ತದೆಯೇ ಉತ್ತರ ಕೊಟ್ಟಳು. "ತಿಥಿ ನೋಡುದು ಮಗಾ. ಹುಣ್ಣಿಮೆ, ಅಮಾಸೆಗೆ ನೀರು ಜೋರು. ಅಷ್ಟಮಿಗೆ ಸತ್ತ ನೀರು, ಸಮಾ ಏರುದೂ ಇಲ್ಲ, ಸಮಾ ಇಳಿಯುದೂ ಇಲ್ಲ. ಮತ್ತೆ ದಿನಾ ಮುಕ್ಕಾಲು ತಾಸು ತಡ. ಇವತ್ತು ಹತ್ತಕ್ಕೆ ಬಂದ್ರೆ ನಾಳೆ ಮುಕ್ಕಾಲು ತಾಸು ಕಳದ್ಮೇಲೆ."

"ತಿಥಿ ನಮ್ಮನೆ ಅಜ್ಜಂಗೆ ಗೊತ್ತಿದ್ದು" ಎಂದಳು ಮಗಳು.

"ನಿಮ್ಮಜ್ಜನ ತಿಥಿ ದೇವ್ರಿಗೆ. ನಮ್ದು ಬುಟ್ಟಿಗೆ" ಎಂದು ಅವಳು ನಕ್ಕಳು.

ಕೆಸರು ಮೆತ್ತಿಕೊಂಡು, ಕೈಯಲ್ಲೊಂದು ಜೀವಂತ ಚಿಪ್ಪಿ ಹಿಡಿದು ಮನೆಗೆ ಬಂದ ಮೊಮ್ಮಗಳನ್ನು ಮಾವನವರು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ಬೈಗುಳಕ್ಕೆ ತಯಾರಾದೆ. "ಅದರ ಜೀವ ಹೋಪುದ್ರೊಳಗೆ ಹೊಳೆಗೆ ಬಿಟ್ಟಿಕ್ಕಿ ಬಾ. ಮತ್ತೆ ಮಿಂದ್ಕಂಡು ಒಳಗೆ ಬಾ" ಎಂದರು. ಅಷ್ಟೇ.

ಆ ದಿನದಿಂದ ನಮ್ಮ ಶಾಲೆ ನದಿಯ ಮೆಟ್ಟಿಲಿಗೆ ಹೋಯಿತು. ಹಳೆಯ ಜಂಬಿಟ್ಟಿಗೆ ಕಲ್ಲಿನ ಒಂಬತ್ತು ಮೆಟ್ಟಿಲು. ನೀರು ಎಷ್ಟನೆಯ ಮೆಟ್ಟಿಲಿಗೆ ಬಂತು, ಎಷ್ಟು ಗಂಟೆಗೆ ನಿಂತಿತು ಎಂದು ಮಗಳು ಕ್ಯಾಲೆಂಡರಿನ ಚೌಕಗಳಲ್ಲಿ ಬರೆದಳು. ಗಂಟೆ ನೋಡಲು ಕಲಿತದ್ದು ಅದಕ್ಕಾಗಿ. ಅಂಕಿಯನ್ನು ತಿರುಗಾಮುರುಗಾ ಬರೆಯುವುದು ನಿಂತದ್ದೂ ಅಲ್ಲೇ. ಮಗ ಮೆಟ್ಟಿಲು ಎಣಿಸಿ ಎಣಿಸಿ ಒಂಬತ್ತರವರೆಗೆ ಕಲಿತು, ಹತ್ತನೆಯದು ಎಲ್ಲಿ ಎಂದು ಜಗಳ ತೆಗೆದ.

ಹದಿನೈದು ದಿನ ಕಳೆದಿರಬೇಕು. ಸಂಜೆ ಮಾವನವರು ಪಂಚಾಂಗ ಬಿಡಿಸಿ ಕೂತಿದ್ದಾಗ ಮಗಳು ಕ್ಯಾಲೆಂಡರ್ ಹಿಡಿದು ಪಕ್ಕದಲ್ಲಿ ಕೂತಳು. ಚಂದ್ರ ದಿನಕ್ಕೆ ಎಷ್ಟು ತಡ ಮಾಡಿ ಹುಟ್ಟುತ್ತಾನೆ ಎಂದು ಅವಳು ಕೇಳಿದ್ದು ಒಳಗಿದ್ದ ನನಗೂ ಕೇಳಿಸಿತು.

"ಹತ್ತಿರ ಹತ್ತಿರ ಎರಡು ಘಳಿಗೆ" ಎಂದರು ಅಜ್ಜ. "ಒಂದು ಘಳಿಗೆ ಅಂದ್ರೆ ಇಪ್ಪತ್ನಾಕು ನಿಮಿಷ."

ಅವಳು ಬೆರಳು ಮಡಚಿ ಕೂಡಿಸಿದಳು. ನಲವತ್ತೆಂಟು. ತನ್ನ ಚೌಕಗಳನ್ನು ನೋಡಿದಳು. ಮತ್ತೆ ಕೂಡಿಸಿದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿದಳು: "ಅಜ್ಜಾ, ನೀರೂ ಅಷ್ಟೇ ತಡ ಮಾಡ್ತು. ಅದು ಚಂದ್ರನ ಹಿಂದೆ ಹೋಗ್ತು."

ಭರತ ಇಳಿತಕ್ಕೆ ಚಂದ್ರ ಕಾರಣ ಎಂದು ಪುಸ್ತಕದಲ್ಲಿ ಓದಿದವಳೇ ನಾನು. ಪರೀಕ್ಷೆಯಲ್ಲಿ ಬರೆದಿದ್ದೂ ಉಂಟು. ಆದರೆ ಅಂದು ಅಡುಗೆಮನೆಯಲ್ಲಿ ನನ್ನ ಮೈಮೇಲೆ ಮುಳ್ಳೆದ್ದಿತು. ಮದುವೆಯಾದಂದಿನಿಂದ ಪ್ರತಿ ಬೆಳಿಗ್ಗೆ ಈ ಮನೆಯ ಸಂಕಲ್ಪ ಕೇಳುತ್ತಾ ಬಂದಿದ್ದೇನೆ. ಪಕ್ಷ, ತಿಥಿ, ವಾರ, ನಕ್ಷತ್ರ ಎಂದು ಗಂಡ ಹೇಳುವಾಗ ಒಲೆಯ ಮೇಲಿನ ಹಾಲಿನ ಕಡೆಗೇ ನನ್ನ ಗಮನ. ಅದು ಆಕಾಶದ ಸುದ್ದಿ, ಮನೆಯ ಹಿಂದಿನ ಹೊಳೆಯೂ ಅದನ್ನೇ ಕೇಳಿ ನಡೆಯುತ್ತದೆ ಎಂದು ಒಂದು ದಿನವೂ ಹೊಳೆದಿರಲಿಲ್ಲ. ಇಷ್ಟು ದೊಡ್ಡ ಸಂಗತಿಯ ಪಕ್ಕದಲ್ಲಿ ನಾನು ದೋಸೆ ಹುಯ್ಯುತ್ತಾ ವರ್ಷಗಳನ್ನು ಕಳೆದಿದ್ದೆ.

ಅಮಾವಾಸ್ಯೆಯ ಹಿಂದಿನ ದಿನ ಮಗಳು ಘೋಷಿಸಿದಳು: "ನಾಳೆ ಹನ್ನೊಂದೂವರೆಗೆ ನೀರು ಮೇಲಿನ ಮೆಟ್ಟಿಲಿಗೆ ಬತ್ತು. ಅಜ್ಜಾ, ನೀ ಬತ್ಯಾ?"

ಮಂಡಿನೋವಿನಿಂದ ಮಾವನವರು ನದಿಗೆ ಇಳಿದು ವರ್ಷಗಳಾಗಿದ್ದವು. "ಬತ್ತೆ" ಎಂದರು.

ಮರುದಿನ ಪೂಜೆ ಮುಗಿಸಿ, ಗಂಧ ಒಣಗುವ ಮೊದಲೇ ಬಂದರು. ಒಂದು ಕೈ ನನ್ನ ಗಂಡನ ಹೆಗಲ ಮೇಲೆ, ಇನ್ನೊಂದು ಕೋಲಿನ ಮೇಲೆ. ಎಲ್ಲರೂ ದಂಡೆಯಲ್ಲಿ ನಿಂತೆವು. ಬೆಳಚಿನ ಹೆಂಗಸೂ ಬುಟ್ಟಿ ಕೆಳಗಿಟ್ಟು ನಮ್ಮ ಜೊತೆ ನಿಂತಳು. ಹನ್ನೊಂದಕ್ಕೆ ನೀರು ಏಳನೆಯ ಮೆಟ್ಟಿಲು ದಾಟಿತ್ತು. ಸದ್ದಿಲ್ಲ, ತೆರೆಯಿಲ್ಲ. ಒಂದು ಕಲ್ಲು ಇತ್ತು, ನೋಡುತ್ತಿದ್ದಂತೆ ಇರಲಿಲ್ಲ. ಒಂದು ಹೊನ್ನೆ ಎಲೆ ಸಮುದ್ರದ ಕಡೆಯಿಂದ ಹೊಳೆಯ ಮೇಲ್ಭಾಗದ ಮಿರ್ಜಾನದ ಕಡೆಗೆ ತೇಲುತ್ತಾ ಬಂತು. ಹನ್ನೊಂದೂವರೆಯಾಯಿತು. ನೀರಿಗೆ ಇನ್ನೂ ಎರಡು ಬೆರಳು ಬಾಕಿ. ಮಗಳ ಮುಖ ಸಣ್ಣದಾಯಿತು.

ಹನ್ನೊಂದು ನಲವತ್ತಕ್ಕೆ ಮೇಲಿನ ಮೆಟ್ಟಿಲು ಒದ್ದೆಯಾಯಿತು. ತೇಲಿ ಬಂದ ಇನ್ನೊಂದು ಎಲೆ ನಮ್ಮೆದುರೇ ನಿಂತಿತು. ಅಷ್ಟಗಲದ ಹೊಳೆ ಪೂರ್ತಿ ನಿಂತುಬಿಟ್ಟಿತು. ಎಷ್ಟು ಹೊತ್ತೋ, ನಾನು ಗಡಿಯಾರ ನೋಡಲಿಲ್ಲ. ಆಮೇಲೆ ಎಲೆ ನಿಧಾನ ತಿರುಗಿ ಸಮುದ್ರದ ಕಡೆ ಹೊರಟಿತು.

ಮಾವನವರು ಕೋಲನ್ನು ನನ್ನ ಗಂಡನಿಗೆ ಕೊಟ್ಟು ಎರಡೂ ಕೈ ಮುಗಿದರು. ಅವರು ಗರ್ಭಗುಡಿಯಲ್ಲಿ ಕೈ ಮುಗಿಯುವುದನ್ನು ಸಾವಿರ ಸಲ ನೋಡಿದ್ದೇನೆ. ಆ ಮುಖ ಅಲ್ಲಿ ಕಂಡಿರಲಿಲ್ಲ. "ನಂಗೆ ಎಂಬತ್ತು ವರ್ಷ ಆತು" ಎಂದರು, "ತಿಥಿ ಹೇಳ್ತಾ ಇದ್ದೆ. ನೋಡಿದ್ದು ಇವತ್ತೇ."

ಬೇಸಿಗೆಯಲ್ಲಿ ಊರಿನ ಶಾಲೆಯ ಅಕ್ಕೋರು, ಅಂದರೆ ಟೀಚರು, ಮಕ್ಕಳ ಲೆಕ್ಕ ಬರೆದುಕೊಳ್ಳಲು ಮನೆಗೆ ಬಂದರು. ಮಗಳು ಬಾಗಿಲ ಹಿಂದೆ ಅಡಗಿದಳು. ಎಷ್ಟು ಕರೆದರೂ ಬರಲಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರ್ ಕಂಡು ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಚೌಕ ಓದಿದರು. "ಇದನ್ನ ಬರೆದದ್ದು ಯಾರು? ಏನು ಚಂದ!" ಎಂದರು.

"ನವಮಿದು ತಪ್ಪಿದ್ದು" ಎಂದು ಬಾಗಿಲ ಹಿಂದಿನಿಂದ ದನಿ ಬಂತು. "ಅವತ್ತು ಜ್ವರ. ನೋಡಿದ್ದಿಲ್ಲೆ, ಅಂದಾಜಿಗೆ ಬರದ್ದು."

ಅಕ್ಕೋರು ನಗಲಿಲ್ಲ. ಪೆನ್ನು ತೆಗೆದು ಬಾಗಿಲ ಸಂದಿಯಲ್ಲಿ ಚಾಚಿ, "ಹಾಗಾದ್ರೆ ಅಂದಾಜು ಅಂತ ನೀನೇ ಬರಿ" ಎಂದರು. ಒಂದು ಸಣ್ಣ ಕೈ ಬಂದು ಪೆನ್ನು ತೆಗೆದುಕೊಂಡಿತು.

ಈಗ ವಾರಕ್ಕೆರಡು ದಿನ ಅವಳು ನಡೆದುಕೊಂಡೇ ಅವರ ಶಾಲೆಗೆ ಹೋಗಿ ಕೂತು ಬರುತ್ತಾಳೆ. ಅಲ್ಲಿ ಮಾತಾಡುತ್ತಾಳಂತೆ, ಸ್ವಲ್ಪ. ಉಳಿದ ದಿನ ಮನೆ ಮತ್ತು ಹೊಳೆ. ಮುಂದಿನ ವರ್ಷ ಏನೋ ನನಗೆ ಗೊತ್ತಿಲ್ಲ. ಬೆಳಿಗ್ಗೆ ಗಂಡ ಸಂಕಲ್ಪ ಹೇಳುವಾಗ ಮಾತ್ರ ನಾನು ಒಲೆ ಸಣ್ಣ ಮಾಡಿ ನಿಂತು ಕೇಳುತ್ತೇನೆ.