ಶೇವಂತಿ ಕೊಟ್ಟ ತಾರೀಖು

ಬನಹಟ್ಟಿಯ ಆ ನೇಕಾರ ಓಣಿಯಲ್ಲಿ ಕೆಚ್ಚುವ ಕೆಲಸವೆಂದರೆ ಶೇವಂತಿಯೇ ಬರಬೇಕು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲಿಗೆ ಹಾಸು ಎನ್ನುತ್ತಾರೆ. ಒಂದು ಹಾಸು ನೇಯ್ದು ಮುಗಿಯುತ್ತಲೇ ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಅದೇ ಕೆಚ್ಚುವುದು. ಮೂರು ಸಾವಿರ ಎಳೆ. ಬೆರಳಿಗೆ ಬೂದಿ ಹಚ್ಚಿಕೊಂಡು ಬೆಳಿಗ್ಗೆ ಕುಳಿತರೆ ಸಂಜೆ ದೀಪ ಹಚ್ಚುವುದರೊಳಗೆ ಶೇವಂತಿ ಮುಗಿಸಿ ಏಳುತ್ತಿದ್ದಳು. ಅವಳು ಕೆಚ್ಚಿದ ಎಳೆ ಬಿಚ್ಚಿತೆಂದು ಯಾರೂ ಹೇಳಿದ್ದಿಲ್ಲ.

ಎಂಬತ್ತೇಳನೆಯ ಇಸವಿಯ ಮಾಘ ಮಾಸದಲ್ಲಿ ಅವಳ ಬೆರಳುಗಳು ತಪ್ಪತೊಡಗಿದವು. ಹೊಸೆದ ಎಳೆ ಅಲ್ಲೇ ಕಳಚಿಕೊಳ್ಳುತ್ತಿತ್ತು. ಗಂಡ ಗುರಪ್ಪ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು ನೋಡುತ್ತಿದ್ದ. ಕಾರಣ ಅವನಿಗೂ ಗೊತ್ತಿತ್ತು. ಶೇವಂತಿ ಮತ್ತೆ ಬಸುರಿಯಾಗಿದ್ದಳು.

ಮೂರು ವರ್ಷದ ಹಿಂದೆ ಚೊಚ್ಚಲ ಹೆರಿಗೆಗೆ ತೇರದಾಳದ ತವರಿಗೆ ಹೋಗಿದ್ದಳು. ಎರಡು ಹಗಲು ಎರಡು ರಾತ್ರಿ ನೋವು ತಿಂದಳು. ಸೂಲಗಿತ್ತಿ ಅನಸವ್ವ ಕೈಗುಣದ ಹೆಣ್ಣುಮಗಳು, ಕೆಟ್ಟವಳಲ್ಲ. ಆದರೆ ಕೋಣೆಯಲ್ಲಿದ್ದವರೆಲ್ಲ ಒಂದೇ ಮಾತು ಹೇಳುತ್ತಿದ್ದರು. "ಇನ್ನ ಸ್ವಲ್ಪ ತಡಿ ಯವ್ವಾ, ಇನ್ನ ಸ್ವಲ್ಪ." ಮೂರನೆಯ ಮುಂಜಾನೆ ಜೀಪು ಹುಡುಕಿ ಜಮಖಂಡಿಗೆ ಒಯ್ಯುವಷ್ಟರಲ್ಲಿ ಕೂಸು ಹೊಟ್ಟೆಯೊಳಗೇ ತೀರಿಕೊಂಡಿತ್ತು. ಗಂಡು ಕೂಸು. ಅದರ ಮುಖವನ್ನು ಅವಳಿಗೆ ತೋರಿಸಲಿಲ್ಲ. ಅಂದಿನಿಂದ ಯಾರಾದರೂ ಒಲೆಯ ಮುಂದೆ ನಿಂತು "ಇನ್ನ ಸ್ವಲ್ಪ ಬೇಯಲಿ" ಎಂದರೂ ಶೇವಂತಿ ಎದ್ದು ಹೊರಗೆ ಹೋಗುತ್ತಿದ್ದಳು.

ಈ ಸಲ ಅವಳೇ ಬಸ್ಸು ಹತ್ತಿ ಗುರಪ್ಪನೊಂದಿಗೆ ಜಮಖಂಡಿಯ ಡಾಕ್ಟರಬಾಯಿಯ ಬಳಿ ಹೋದಳು. ಡಾಕ್ಟರಬಾಯಿ ತಲೆ ನೆರೆತವರು, ಅವಸರವಿಲ್ಲದವರು.

"ಕಡೀಕ ಮುಟ್ಟಾಗಿ ತಲಿ ಮ್ಯಾಲೆ ನೀರು ಹಾಕ್ಕೊಂಡದ್ದು ಯಾವಾಗ? ತಾರೀಖು ನೆನಪೈತೇನು?"

"ಹಸರ ಹಾಸು ಕೆಚ್ಚಿದ ದಿನಾ ರೀ. ಅಲ್ಲಿಂದ ಏಳು ಹಾಸು ಮುಗದಾವು."

ಡಾಕ್ಟರಬಾಯಿ ಗುರಪ್ಪನ ಮುಖ ನೋಡಿದರು. ಅವನು ವಿವರಿಸಿದ. ಅವರ ಮನೆಯಲ್ಲಿ ದಿನಗಳನ್ನು ಎಣಿಸುವುದೇ ಹಾಗೆ. ಒಂದು ಹಾಸು ಇಪ್ಪತ್ತು ದಿನಕ್ಕೆ ನೇಯ್ದು ಇಳಿಯುತ್ತದೆ. ಲಗ್ನವಾಗಿ ಎಷ್ಟು ದಿನ, ಮಾವ ತೀರಿ ಎಷ್ಟು ದಿನ ಎಂಬುದೂ ಹಾಸಿನ ಲೆಕ್ಕವೇ. ಏಳು ಇಪ್ಪತ್ತಲೇ ನೂರಾ ನಲವತ್ತು. ಡಾಕ್ಟರಬಾಯಿ ಬರೆದುಕೊಂಡರು. ಹೊಟ್ಟೆ ಮುಟ್ಟಿ ನೋಡಿ, "ದಿನಕ್ಕ ತಕ್ಕಂಗ ಹೊಟ್ಟಿ ಬಂದಿಲ್ಲ. ಉಣ್ಣಾಕತ್ತೀ ಇಲ್ಲೋ?" ಎಂದರು.

"ಅಂಜಿಕಿಗೆ ತುತ್ತು ಇಳಿಯೂದಿಲ್ಲ ರೀ ಬಾಯಾರ."

"ಯಾತಕ್ಕ ಅಂಜತೀ? ನೋವಿಗೇನು?"

ಶೇವಂತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನೋವಿಗಲ್ರಿ. ನಾ ಸಾಯಾಕತ್ತಾಗ ಎಲ್ಲಾರೂ ಇನ್ನ ಸ್ವಲ್ಪ ತಡಿ ಅಂದ್ರ ಏನ ಮಾಡ್ಲಿ, ಅದಕ್ಕ ಅಂಜತೀನ್ರಿ. ನನಗ ಆಪ್ರೇಶನ್ ಮಾಡಿ ಕೂಸು ತಗದು ಕೊಡ್ರಿ. ಮೊದಲ ದಿನಾ ಗೊತ್ತ ಮಾಡಿ."

ಡಾಕ್ಟರಬಾಯಿ ನಗಲಿಲ್ಲ, ಗದರಲೂ ಇಲ್ಲ. ಎರಡೂ ದಾರಿಗಳನ್ನು ಬಿಡಿಸಿ ಹೇಳಿದರು. ತಾನಾಗಿ ಹೆತ್ತರೆ ಬೇಗ ಎದ್ದು ಓಡಾಡಬಹುದು. ಹೋದ ಸಲದ ಹಾಗೆ ಎರಡು ದಿನ ಕಾಯಿಸುವ ಮಾತೇ ಇಲ್ಲ, ದವಾಖಾನೆಯಲ್ಲಿ ತಾವೇ ಇರುತ್ತಾರೆ, ತಡವಾದರೆ ಆಗಲೇ ಆಪರೇಶನ್ ಮಾಡುತ್ತಾರೆ. ಕೊಯ್ದು ತೆಗೆದರೆ ಹೊಲಿಗೆಯ ನೋವು ಇದೆ, ರಕ್ತ ಹೋಗುತ್ತದೆ, ಗಾಯ ಕೀವಾಗಬಹುದು, ಮುಂದಿನ ಬಸುರಿನಲ್ಲಿ ಆ ಗಾಯದ ಮೇಲೆ ಕಣ್ಣಿಡಬೇಕು. "ಎರಡರಾಗ ಯಾವದೂ ಹೂವಿನ ಹಾಸಿಗಿ ಅಲ್ಲ, ತಂಗಿ. ಮನಿಗಿ ಹೋಗಿ ವಿಚಾರ ಮಾಡು. ಅತ್ತಿ ಏನಂತಾಳ, ಓಣಿ ಏನಂತೈತಿ ಅದ ಬ್ಯಾಡ. ನೀ ಏನಂತೀ ಅದನ್ನ ಬಂದು ಹೇಳು."

ತನ್ನ ಮಾತನ್ನು ಕೇಳಲು ಒಬ್ಬರು ಕಾಯುತ್ತಾರೆಂಬುದು ಅವಳಿಗೆ ಹೊಸದು. ಹದಿನೈದು ದಿನ ವಿಚಾರ ಮಾಡಿದಳು. ತಾನಾಗಿ ಹೆರುವುದೇ ಇರಲಿ ಎಂದು ಒಂದೆರಡು ಸಲ ಮನಸ್ಸು ಗಟ್ಟಿ ಮಾಡಿಕೊಂಡಳು. ಆಗೆಲ್ಲ ತೇರದಾಳದ ಆ ಕೋಣೆಯ ಜಂತಿ ಕಣ್ಣ ಮುಂದೆ ಬರುತ್ತಿತ್ತು. ಶುಕ್ರವಾರ ಬನಶಂಕರಿ ಗುಡಿಗೆ ಹೋಗಿ ಕಂಬಕ್ಕೆ ಒರಗಿ ಕುಳಿತಳು. ತಾಯಿ ಏನೂ ಹೇಳಲಿಲ್ಲ. ಆದರೆ ಬೇಡವೆಂದೂ ಹೇಳಲಿಲ್ಲ. ಶೇವಂತಿಗೆ ಅಷ್ಟು ಸಾಕಾಯಿತು.

ಮನೆಯಲ್ಲಿ ಅತ್ತೆ ಮುದಕವ್ವನಿಗೆ ಮಾತು ತಿಳಿದಾಗ ಅವಳು ರಾಟಿ ತಿರುಗಿಸುವುದನ್ನು ನಿಲ್ಲಿಸಿದಳು.

"ಏನಂದಿ? ಕೊಯ್ಸಿಕೊಳ್ತೀ? ನೋವ ಬರೂದಕ್ಕಿಂತ ಮೊದಲ? ನಾ ಏಳ ಹಡದೇನಿ ಬೇ. ನನ್ನ ಸಣ್ಣ ಮಗ ಬಾಳು ಹುಟ್ಟೂ ದಿನಾ ಮಧ್ಯಾಹ್ನತನಾ ಕಂಡಿಕಿಗೆ ನೂಲು ಸುತ್ತಿ, ಒಳಗ ಹೋಗಿ ಹಡದು ಬಂದೇನಿ. ಕತ್ತರಿ ಮುಟ್ಟಿಸಿಕೊಂಡಿಲ್ಲ!"

ಶೇವಂತಿ ಅತ್ತೆಗೆ ಎದುರು ಮಾತಾಡಿದವಳಲ್ಲ. ಅಂದು ಬಾಯಿ ತಾನಾಗಿ ತೆರೆಯಿತು. "ಏಳರಾಗ ಎಷ್ಟ ಉಳದಾವ ಅತ್ತಿ?"

ರಾಟಿಯ ಮೇಲಿನ ನೂಲು ಸಡಿಲವಾಯಿತು. ಮುದಕವ್ವ, "ನಾಕು" ಎಂದಳು.

"ನಂದು ಒಂದರಾಗ ಒಂದೂ ಉಳದಿಲ್ಲ."

ಪಕ್ಕದ ಮನೆಯ ಕರೆವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಸುಮ್ಮನಿರುವ ಜಾಯಮಾನ ಅವಳದಲ್ಲ. "ಕೊಯ್ದ ಹೊಟ್ಟಿ ಮತ್ತ ಮಗ್ಗದಾಗ ಕುಂಡ್ರಾಕ ಬರೂದಿಲ್ಲ ತಗಿ. ಹರದು ಕೂಡಿಸಿದ್ದು ಎಷ್ಟ ದಿನಾ ತಡದೀತು?"

"ನಿನ್ನ ಗಂಡನ ಮಗ್ಗದ ಮ್ಯಾಲಿನ ಹಾಸು ಕೆಚ್ಚಿದ್ದು ಯಾರು, ಕರೆವ್ವಾ? ಮೂರು ಸಾವಿರ ಕೂಡಿಸೇನಿ. ಒಂದರೆ ಬಿಚ್ಚಿದ್ರ ತಂದು ತೋರಿಸು."

ಕರೆವ್ವ ನೀರಿನ ಕೊಡದ ನೆಪ ಹೇಳಿ ಹೊರಟುಹೋದಳು. ಮುದಕವ್ವನ ಬತ್ತಳಿಕೆಯಲ್ಲಿ ಇನ್ನೊಂದು ಬಾಣವಿತ್ತು. ಹೆತ್ತ ಐದನೆಯ ದಿನ ಶೆಟಿವಿ ತಾಯಿ ಬಂದು ಕೂಸಿನ ಹಣೆಬರಹ ಬರೆಯಬೇಕು. ಬಾಣಂತಿಯ ಕೋಣೆಯಲ್ಲಿ ಬಿಳಿ ಕಾಗದ, ಲೇಖಣಿಕೆ, ದೀಪ, ಅವರ ಮನೆತನದ ರೂಢಿಯಂತೆ ಮಗ್ಗದ ಒಂದು ಲಾಳಿಯನ್ನೂ ಇಡಬೇಕು. "ಎಂಟ ದಿನಾ ದವಾಖಾನ್ಯಾಗ ಬಿದ್ದಿರ್ತೀ. ಶೆಟಿವಿ ಅಲ್ಲಿಗೆ ಹುಡುಕ್ಕೊಂಡು ಬರ್ತಾಳೇನು?"

"ಹೋದ ಸಲ ಮನ್ಯಾಗ ಇದ್ದೆ. ಬಂದ್ಲೇನು?"

ಮುದಕವ್ವ ಎರಡು ದಿನ ಸೊಸೆಯೊಡನೆ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಎದ್ದು ಪಂಚಾಂಗ ನೋಡುವ ಅಯ್ನೋರ ಮನೆಗೆ ಹೋಗಿ ಬಂದು ಮಗನಿಗೆ ಹೇಳಿದಳು. "ಕೊಯ್ಯೂದಾದ್ರ ಛಲೋ ಗಳಿಗ್ಯಾಗ ಕೊಯ್ಯಲಿ. ಕಾರಹುಣ್ಣಿವಿ ಆದ ಮ್ಯಾಲಿನ ಗುರುವಾರ. ರಾಜಯೋಗ ಐತಂತ. ಮುಂದ ಆಷಾಢ ಹತ್ತತೈತಿ, ಅದು ಬ್ಯಾಡ."

ಗುರಪ್ಪ ಹಿಗ್ಗಿದ. ಡಾಕ್ಟರಬಾಯಿಯೂ ತಾವು ಬರೆದುಕೊಂಡ ಲೆಕ್ಕ ನೋಡಿ, ಆ ಗುರುವಾರಕ್ಕೆ ದಿನ ತುಂಬಿದಂತೆಯೇ ಎಂದು ಒಪ್ಪಿದರು. ಅಲ್ಲಿಗೆ ಎಲ್ಲವೂ ನೆಟ್ಟಗಾಯಿತೆಂದು ಮನೆಯವರೆಲ್ಲ ಉಸಿರು ಬಿಟ್ಟರು.

ಕಾರಹುಣ್ಣಿಮೆಯ ಮರುದಿನ ಶೇವಂತಿ ಹೊಟ್ಟೆ ಹೊತ್ತುಕೊಂಡು ಕೆಚ್ಚಲು ಕುಳಿತಿದ್ದಳು. ಗುರಪ್ಪನ ತಮ್ಮ ಬಾಳು ಹಬ್ಬಕ್ಕೆಂದು ರಬಕವಿಯಿಂದ ಬಂದವನು ಚಹಾ ಹೀರುತ್ತ ಅಣ್ಣನನ್ನು ಕೆಣಕಿದ. "ಏನೋ ಅಣ್ಣಾ, ಹಾಸು ಇನ್ನೂ ಇಪ್ಪತ್ತ ದಿನಕ್ಕ ಇಳಸ್ತೀಯೇನು? ದೀಪಾವಳಿ ಮುಂದ ನಾ ಬಂದಾಗ ಇಬ್ಬರೂ ಪಾಳಿ ಹಚ್ಚಿ ಹತ್ತ ದಿನಕ್ಕೊಂದು ಇಳಿಸಿದ್ವಿ, ನೆನಪೈತಿಲ್ಲೋ?"

ಶೇವಂತಿಯ ಬೆರಳು ಎಳೆಯ ಮೇಲೆಯೇ ನಿಂತಿತು.

"ಬಾಳೂ, ಎಷ್ಟ ಹಾಸು ಹಂಗ ಇಳಿಸಿದ್ರಿ?"

"ಎರಡು ವೈನೀ. ಹಸರು ಮುಗದ ಕೂಡಲೇ ಎರಡು."

ಅವಳು ಬೂದಿಯ ಬೆರಳಿನಿಂದ ನೆಲದ ಮೇಲೆ ಏಳು ಗೆರೆ ಎಳೆದಳು. ಎರಡು ಗೆರೆಗಳನ್ನು ಅರ್ಧಕ್ಕೆ ಅಳಿಸಿದಳು. ನೂರಾ ನಲವತ್ತಲ್ಲ, ನೂರಾ ಇಪ್ಪತ್ತು. ಹೊಟ್ಟೆ ಚಿಕ್ಕದಿದ್ದದ್ದು ತುತ್ತು ಇಳಿಯದ್ದಕ್ಕಲ್ಲ. ಕೂಸಿಗೆ ಇನ್ನೂ ಇಪ್ಪತ್ತು ದಿನ ಬೇಕಿತ್ತು. ರಾಜಯೋಗದ ಗುರುವಾರಕ್ಕೆ ಉಳಿದದ್ದು ಆರೇ ದಿನ.

"ಗುರುವಾರ ಬ್ಯಾಡ. ಅಮಾಸಿ ದಾಟಲಿ" ಎಂದಳು.

ಮುದಕವ್ವ ಎದೆ ಬಡಿದುಕೊಂಡಳು. "ಅಮಾಸಿ ದಾಟಿದ್ರ ಆಷಾಢ ಬೇ! ಆಷಾಢದಾಗ ಯಾರರೆ ದಿನಾ ಗೊತ್ತ ಮಾಡತಾರೇನು?"

"ಆಷಾಢದಾಗ ಕೂಸು ಹುಟ್ಟೂದಿಲ್ಲೇನು?"

"ತಾನಾಗಿ ಹುಟ್ಟೂದ ಬ್ಯಾರೆ, ಕರದು ಹುಟ್ಟಸೂದ ಬ್ಯಾರೆ! ನಾ ಅಯ್ನೋರಿಗೆ ಏನಂತ ಮುಖಾ ತೋರಿಸ್ಲಿ?"

ಗುರಪ್ಪನೂ ತೊದಲಿದ. "ಆಪ್ರೇಶನ್ ಬೇಕಂದಾಕಿನೂ ನೀನ. ಈಗ ಬ್ಯಾಡ ಅನ್ನಾಕಿನೂ ನೀನ. ಅವ್ವ ಒಪ್ಪಿದ್ದ ದೊಡ್ಡದು..."

"ಆಪ್ರೇಶನ್ ಬ್ಯಾಡ ಅಂದಿಲ್ರಿ. ಅವಸರ ಬ್ಯಾಡ ಅಂದೆ. ಹೋದ ಸಲ ನಿಮ್ಮೆಲ್ಲಾರ ಮಾತು ಕೇಳಿ ತಡದೆ, ಒಂದು ಹೋತು. ಈ ಸಲ ನಿಮ್ಮೆಲ್ಲಾರ ಮಾತು ಕೇಳಿ ಅವಸರ ಮಾಡ್ಲೇನು?"

ಮರುದಿನ ಶೇವಂತಿಯೇ ಮುಂದಾಗಿ ಬಸ್ಸು ಹತ್ತಿದಳು. ಡಾಕ್ಟರಬಾಯಿ ನೆಲದ ಗೆರೆಗಳ ಕಥೆ ಕೇಳಿ, ಹೊಟ್ಟೆ ಅಳೆದು, ಕೂಸು ಮೊದಲು ಮಿಸುಕಿದ್ದು ಯಾವಾಗ ಎಂದು ಕೇಳಿದರು. "ಯುಗಾದಿ ಮುಂದ ರೀ" ಎಂದಳು. ಅದಕ್ಕೂ ಹೊಸ ಲೆಕ್ಕ ಹೊಂದುತ್ತಿತ್ತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಖರೆ ಐತಿ ನಿಂದು. ಹಾಸಿನ ಲೆಕ್ಕಾ ಬರಕೊಂಡವಳು ನಾನು. ಇನ್ನೊಮ್ಮಿ ಕೆದಕಿ ಕೇಳಬೇಕಿತ್ತು. ಗುರುವಾರ ತಗದಿದ್ರ ಕೂಸಿಗೆ ಉಸರಾಡಾಕ ತ್ರಾಸ ಆಗ್ತಿತ್ತೇನೋ." ಕ್ಯಾಲೆಂಡರಿನ ಹಾಳೆ ಮಗುಚಿದರು. "ಏಕಾದಶಿ ಮರುದಿನ, ಬುಧವಾರ. ಅದಕ್ಕಿಂತ ಮೊದಲ ನೋವು ಬಂದ್ರ ಒಂದ ಗಳಿಗಿನೂ ಮನ್ಯಾಗ ಕುಂಡ್ರಬ್ಯಾಡ, ಸೀದಾ ಬಾ."

ಆ ಇಪ್ಪತ್ತೈದು ದಿನ ಶೇವಂತಿಗೆ ಸುಲಭವಾಗಿರಲಿಲ್ಲ. ಅಂಜಿಕೆ ಹೋಗಿರಲಿಲ್ಲ. ಸೊಂಟ ಹಿಡಿದರೆ ಸಾಕು, ಬಂತೇನೋ ಎಂದು ಬಾಗಿಲು ನೋಡುತ್ತಿದ್ದಳು. ಗುರುವಾರ ಬಂದು ಹೋಯಿತು. ಅಂದು ಮುದಕವ್ವ ಉಣ್ಣಲಿಲ್ಲ. ಅಮಾವಾಸ್ಯೆಗೆ ಓಣಿಯ ಮನೆಮನೆಯಲ್ಲೂ ಮಣ್ಣೆತ್ತು ಮಾಡಿದರು. ಶೇವಂತಿಯೂ ಎರಡು ಮಾಡಿ, ಕೊಂಬು ತಿದ್ದಿ, ಕೈಮುಗಿದಳು.

ಬುಧವಾರ ಬೆಳಿಗ್ಗೆ ದವಾಖಾನೆಯ ನರ್ಸು ಒಪ್ಪಿಗೆಯ ಕಾಗದವನ್ನು ಗುರಪ್ಪನ ಕೈಗೆ ಕೊಟ್ಟು, "ಇಲ್ಲಿ ಗಂಡನ ಸಹಿ" ಎಂದಳು. ಗುರಪ್ಪ ಸಹಿ ಮಾಡಿದ. ಶೇವಂತಿ ಮಂಚದಿಂದ ಕೈ ಚಾಚಿದಳು.

"ಅಕ್ಕಾರ, ಇತ್ತ ಕೊಡ್ರಿ ಅದನ್ನ."

"ನಿಂದು ಬೇಕಿಲ್ಲವಾ. ಅವರದು ಆತಲ್ಲ."

"ಹೊಟ್ಟಿ ಅವರದಲ್ಲಲ್ರಿ."

ಮೂರನೆಯ ಇಯತ್ತೆ ಕಲಿತವಳು. ಗುರಪ್ಪನ ಹೆಸರಿನ ಕೆಳಗೆ ಒಂದೊಂದೇ ಅಕ್ಷರ ಒತ್ತಿ ಬರೆದಳು. ಕಾಗದವನ್ನು ನರ್ಸಿನ ಕೈಗಿಟ್ಟು ಮಂಚದಿಂದ ಇಳಿದಳು. ಒಳಗೆ ನಡೆದೇ ಹೋದಳು.

ಹೆಣ್ಣು ಕೂಸು. ಹುಟ್ಟಿದ ಕೂಡಲೇ ದವಾಖಾನೆ ಹಾರಿಹೋಗುವಂತೆ ಅತ್ತಿತು. ಶೇವಂತಿಗೆ ಎಚ್ಚರವಾದಾಗ ಅವಳು ಕೇಳಿದ ಮೊದಲ ಮಾತು, "ಮುಖಾ ತೋರಿಸ್ರಿ."

ಐದನೆಯ ದಿನ ಸಂಜೆ ಮುದಕವ್ವ ಕೈಚೀಲ ಹಿಡಿದು ಬಂದಳು. ಅಷ್ಟು ದಿನ ಬಂದಿರಲಿಲ್ಲ. ಚೀಲದಿಂದ ಬಿಳಿ ಕಾಗದ, ಲೇಖಣಿಕೆ, ಗುರಪ್ಪನ ಹಳೆಯ ಲಾಳಿ, ಕಡೆಗೆ ಹಣತೆ ತೆಗೆದಳು. ನರ್ಸು ಓಡಿ ಬಂದು, ವಾರ್ಡಿನಲ್ಲಿ ದೀಪ ಹಚ್ಚುವಂತಿಲ್ಲ ಎಂದಳು. ಮುದಕವ್ವ ಕಡ್ಡಿಪೆಟ್ಟಿಗೆ ಹಿಡಿದು ನಿಂತೇ ಬಿಟ್ಟಳು. "ಕತ್ತಲ್ಯಾಗ ತಾಯಿ ಹ್ಯಾಂಗ ಬರೀತಾಳವಾ?"

ಶೇವಂತಿ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು, ನೋವಿಗೆ ಮುಖ ಕಿವುಚಿದಳು, ಮತ್ತೆ ನಕ್ಕಳು. "ಟ್ಯೂಬಲೈಟ ಐತಲ್ಲ ಅತ್ತಿ. ಹಣತಿಕಿಂತ ಛಲೋ ಕಾಣತೈತಿ. ತಪ್ಪಿಲ್ದಂಗ ಬರೀಲಿ."

ಮುದಕವ್ವ ಹಚ್ಚದ ಹಣತೆಯನ್ನೇ ಲಾಳಿಯ ಪಕ್ಕದಲ್ಲಿಟ್ಟು ಕಣ್ಣು ಮುಚ್ಚಿದಳು. ಶೇವಂತಿಯೂ ಕೂಸಿನ ಹಣೆಯ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದಳು. ಆಷಾಢದ ಕೂಸೆಂದು ಮುದಕವ್ವ ಮುಂದೆ ವರ್ಷವಿಡೀ ಗೊಣಗಿದಳು. ಗೊಣಗುತ್ತಲೇ ಎತ್ತಿ ಆಡಿಸಿದಳು.

ಓಣಿಯೇನೂ ಬಾಯಿ ಕಟ್ಟಿಕೊಳ್ಳಲಿಲ್ಲ. "ಹಡೀಲಾರದ ಕೊಯ್ಸಿಕೊಂಡಾಕಿ" ಎಂದು ನಲ್ಲಿಯ ಹತ್ತಿರ ಅವಳಿಗೆ ಕೇಳುವ ಹಾಗೆಯೇ ಅಂದರು. ಶೇವಂತಿ ಕೊಡ ಇಳಿಸಿ, ಅಂದವರ ಮುಖ ನೋಡಿ, "ಹೌದು. ಕೂಸು ಮನ್ಯಾಗ ಅಳಾಕತ್ತೈತಿ, ಪಾಳಿ ನನಗ ಬಿಡ್ರಿ" ಎಂದು ಮುಂದೆ ಹೋಗಿ ನೀರು ತುಂಬಿಕೊಂಡಳು. ಹೊಲಿಗೆ ಮಾಗಲು ಅವಳೆಣಿಸಿದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು, ಮಳೆಗಾಲದಲ್ಲಿ ಒಮ್ಮೆ ಕೀವೂ ಆಯಿತು. ಅದನ್ನು ಅವಳು ಮುಚ್ಚಿಡಲಿಲ್ಲ. ದೀಪಾವಳಿಯ ಹೊತ್ತಿಗೆ ಮತ್ತೆ ಬೂದಿ ಹಚ್ಚಿಕೊಂಡು ಕೆಚ್ಚಲು ಕುಳಿತಳು.

ಈಗ ಅವರ ಮಗ್ಗದ ಮನೆಯ ಗೋಡೆಗೆ ಒಂದು ಕ್ಯಾಲೆಂಡರು, ಅದಕ್ಕೆ ದಾರದಲ್ಲಿ ಕಟ್ಟಿದ ಒಂದು ಪೆನ್ಸಿಲ್ಲು ಇವೆ. ಓಣಿಯ ಸೊಸೆಯಂದಿರು ಬಂದು ಕಿವಿಯಲ್ಲಿ ಹೇಳಿದ ಮುಟ್ಟಿನ ತಾರೀಖಿಗೆ ಶೇವಂತಿ ಸಣ್ಣ ಚುಕ್ಕೆ ಇಡುತ್ತಾಳೆ. ಹೋದ ವರ್ಷ ಕರೆವ್ವನ ಸೊಸೆ ಬಂದು, ತಾನಾಗಿ ಹಡಿಯಲೋ ಕೊಯ್ಸಿಕೊಳ್ಳಲೋ ಎಂದು ಕೇಳಿದಳಂತೆ. ಶೇವಂತಿ ಎಳೆಯಿಂದ ಕಣ್ಣೆತ್ತಲಿಲ್ಲ.

"ಅದನ್ನ ನಾ ಹೇಳೂದಿಲ್ಲವಾ. ಹೊಟ್ಟಿ ನಿಂದು. ನಿಮ್ಮತ್ತಿ ಏನರೆ ಅಂದ್ರ ನನ್ನ ಹತ್ರ ಕಳಿಸು. ಮೊದಲ ತಾರೀಖು ಹೇಳು."