ಖಾಲಿ ಡಬ್ಬಿ ಕಾಯುವ ಅತ್ತಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾರ್ಖಾನೆಯ ಸ್ಟೋರಿನಲ್ಲಿ ಒಬ್ಬ ಹೆಂಗಸು ಕಪಾಟುಗಳ ನಡುವೆ ಖಾಲಿ ಡಬ್ಬಿ ಹುಡುಕುತ್ತಿದ್ದಾರೆ. ತುಂಬಿದವುಗಳತ್ತ ಕಣ್ಣೆತ್ತಿಯೂ ನೋಡುವುದಿಲ್ಲ. "ತುಂಬಿದ್ದನ್ನ ನೋಡಿ ನಾನೇನ್ ಮಾಡ್ಲಿ?" ಎನ್ನುತ್ತಾರೆ.

ಇಲ್ಲಿ ತಯಾರಾಗುವುದು ಹಸುಗೂಸುಗಳ ಉಸಿರಾಟದ ಮೇಲೆ ಕಣ್ಣಿಡುವ ಯಂತ್ರದ ಸರ್ಕ್ಯೂಟ್ ಬೋರ್ಡು. ಅದರ ಬಿಡಿಭಾಗಗಳ ಉಸ್ತುವಾರಿ ಇವರದು. ಜೋಡಣೆಯ ಸಾಲಿನಲ್ಲಿ ಕೂರುವ ನಾದಿನಿ 'ಅತ್ತಿಗೆ' ಎಂದು ಕರೆದು ಕರೆದು, ಈಗ ಇಡೀ ಕಾರ್ಖಾನೆಗೇ ಇವರು ಅತ್ತಿಗೆ.

ಪ್ರತಿ ಭಾಗಕ್ಕೂ ಎರಡು ಡಬ್ಬಿ. ಮುಂದಿನದು ಮುಗಿದರೆ ಹಿಂದಿನದರಿಂದ ಕೆಲಸ ಸಾಗುತ್ತದೆ. ಖಾಲಿ ಡಬ್ಬಿ ಅತ್ತಿಗೆಯ ಮೇಜಿಗೆ ಬಂದು ಕೂರುತ್ತದೆ. ಆಗ ಹೊಸ ಸರಕಿಗೆ ಆರ್ಡರ್. ಕಳೆದ ವರ್ಷ ಅತ್ತಿಗೆ ಜ್ವರ ಹಿಡಿದು ಮಲಗಿದ್ದಾಗ, ಬ್ಯಾಟರಿ ಹಿಡಿಯುವ ಪುಟ್ಟ ಕ್ಲಿಪ್ಪಿನ ಡಬ್ಬಿ ಬರಿದಾಯಿತು. ಹಿಂದಿನದರಿಂದ ಅರ್ಧ ಸುರಿದು ಎರಡನ್ನೂ ಚೊಕ್ಕಟವಾಗಿ ಜೋಡಿಸಿಟ್ಟವಳು ನಾದಿನಿ.

"ಅತ್ತಿಗೆ ಮೇಲೆ ಮಾತು ಬರಬಾರದು ಅಂತ ಮಾಡ್ದೆ. ಮನೇಲಿ ಡಬ್ಬಿ ಖಾಲಿ ಕಂಡ್ರೆ ನಾಚಿಕೆ ಆಗಲ್ವಾ?" ಎನ್ನುವಾಗ ಅವಳ ಕಣ್ಣು ತುಂಬಿಬರುತ್ತದೆ.

ಖಾಲಿ ಡಬ್ಬಿ ಮೇಜಿಗೆ ಬರಲೇ ಇಲ್ಲ, ಆರ್ಡರ್ ತಡವಾಯಿತು. ಹೊಸ ಸರಕು ಬರುವ ಮೊದಲೇ ಎರಡೂ ಡಬ್ಬಿ ಬರಿದಾಗಿ ಜೋಡಣೆಯ ಸಾಲೇ ನಿಂತುಹೋಯಿತು. ದಿನಗೂಲಿಯ ಹೆಂಗಸರು ಬುತ್ತಿ ಬಿಚ್ಚದೆ ಮನೆಗೆ ಹೋದರು. ಆಸ್ಪತ್ರೆಗಳು ಯಂತ್ರಕ್ಕಾಗಿ ಕಾದವು. ಅಯ್ಯೋ, ಅಷ್ಟು ಅಗ್ಗದ ಕ್ಲಿಪ್ಪು! ಬೆಲೆ ಕಡಿಮೆಯೆಂದು ಅದನ್ನು ಎಣಿಕೆಯ ಪಟ್ಟಿಯಲ್ಲಿ ಕೊನೆಯ ದರ್ಜೆಗೆ ತಳ್ಳಿದ್ದರು. ನಿತ್ಯದ ಎಣಿಕೆ ಬೀಗದೊಳಗಿನ ದುಬಾರಿ ಚಿಪ್‌ಗಳಿಗೆ ಮಾತ್ರ. ಎಲ್ಲ ಗೊತ್ತಿದ್ದೂ ಅತ್ತಿಗೆ ನಾದಿನಿಯ ಹೆಸರೆತ್ತಲಿಲ್ಲ, ಬೈಗುಳವನ್ನೆಲ್ಲ ತಾವೇ ನುಂಗಿಕೊಂಡರು.

ಆಮೇಲೆ ಮ್ಯಾನೇಜರ್ ಮುಂದೆ ನಿಂತರು. "ಬೆಲೆ ನೋಡಿ ದರ್ಜೆ ಕೊಟ್ಟಿದ್ದು ಸಾಕು ಸಾರ್. ಯಾವುದಿಲ್ದೆ ಸಾಲು ನಿಲ್ಲುತ್ತೋ, ಯಾವುದು ಬರೋಕೆ ತಡ ಆಗುತ್ತೋ, ಅದನ್ನೂ ಮೇಲಿನ ದರ್ಜೆಗೆ ಹಾಕಿ." ಮ್ಯಾನೇಜರ್ ಒಪ್ಪಿದರು. ಆದರೆ ಇನ್ನೊಮ್ಮೆ ಸಾಲು ನಿಂತರೆ ಅತ್ತಿಗೆ ಸ್ಟೋರು ಬಿಟ್ಟು ಪ್ಯಾಕಿಂಗಿಗೆ ಹೋಗಬೇಕು ಎಂದರು. ಆ ಮಾತು ಇವತ್ತಿಗೂ ತಲೆಯ ಮೇಲೆ ತೂಗುತ್ತಿದೆ. ಈಗ ಹಿಂದಿನ ಡಬ್ಬಿಗಳ ಬಾಯಿಗೆಲ್ಲ ಕೆಂಪು ಟೇಪು. ಬಿಚ್ಚಿದರೆ ಅತ್ತಿಗೆಗೆ ಹೇಳಲೇಬೇಕು.

ಹೆದರಿಕೆಯಿಲ್ಲವೇ ಎಂದರೆ ನಿಟ್ಟುಸಿರು ಬಿಡುತ್ತಾರೆ. "ಇಲ್ದೆ ಏನು? ದಿನಾ ಎದೆ ಡವಡವ ಅನ್ನುತ್ತೆ. ಕೆಲಸಕ್ಕೆ ಬಂದವರು ಗೇಟಿಂದ ವಾಪಸ್ ಹೋಗಬಾರದು, ಅಷ್ಟೇ ನನ್ನಾಸೆ."

ಗಂಟೆ ಹೊಡೆದು ಪಾಳಿ ಶುರುವಾಗುತ್ತದೆ. ಸ್ವಲ್ಪ ಹೊತ್ತಿಗೆ ನಾದಿನಿ ಬಾಗಿಲಲ್ಲಿ ನಿಂತಿದ್ದಾಳೆ, ಎರಡೂ ಕೈಯಲ್ಲಿ ಒಂದು ಡಬ್ಬಿ ಎತ್ತಿ ಹಿಡಿದು.

"ಅತ್ತಿಗೆ, ಕ್ಲಿಪ್ಪಿನ ಮುಂದಿನ ಡಬ್ಬಿ ಖಾಲಿ!"

ಅತ್ತಿಗೆ ಮೊದಲ ಸಲ ನಗುತ್ತಾರೆ. "ಇನ್ನೂ ಜೋರಾಗಿ ಹೇಳೇ, ಎಲ್ಲರಿಗೂ ಕೇಳಲಿ."