ಯಾರದೀ ಚೀಲ ಎಂದು ಕೇಳುವ ಮೌಲಾಬಿ

"ಇದ್ಯಾರ ಚೀಲರೀ? ಕೈ ಇಡ್ರಿ."

ಯಾರೂ ಕೈ ಇಡುವುದಿಲ್ಲ. ಹನ್ನೊಂದನೆಯ ಸೀಟಿನ ಕೆಳಗೆ ಕೆಂಪು ಚೀಲ. ಮೌಲಾಬಿ ಅದನ್ನು ಮುಟ್ಟುವುದಿಲ್ಲ. ಕಸಬರಿಗೆಯನ್ನು ಕಂಕುಳಿಗೆ ಸಿಕ್ಕಿಸಿ, "ಎಲ್ಲಾರೂ ಕೆಳಗ ಇಳೀರಿ" ಎನ್ನುತ್ತಾರೆ. ಜನ ಗೊಣಗುತ್ತ ಇಳಿಯುತ್ತಾರೆ. ಅಷ್ಟರಲ್ಲಿ ಚಹಾದಂಗಡಿಯಿಂದ ಒಬ್ಬ ಓಡಿ ಬರುತ್ತಾನೆ.

"ನಂದಬೇ ಯವ್ವಾ! ಗೇರುಬೀಜ ಅದಾವ ಅದರಾಗ."

"ಗೇರುಬೀಜಕ್ಕೂ ಒಬ್ಬ ಮಾಲಕ ಬೇಕೋ ಇಲ್ಲೋ? ಹತ್ತು, ತೊಡಿ ಮ್ಯಾಲ ಇಟಗೊಂಡು ಕೂಡು."

ಗೋವಾದ ವಾಸ್ಕೊದಿಂದ ಹುಬ್ಬಳ್ಳಿಗೆ ಹೋಗುವ ಖಾಸಗಿ ಬಸ್ಸು ಹದಿನೈದು ನಿಮಿಷ ತಡವಾಗಿ ಹೊರಡುತ್ತದೆ. ಇನ್ನೂ ಪೂರ್ತಿ ಬೆಳಕಾಗಿಲ್ಲ. ಮೌಲಾಬಿಯ ಮನೆಯಿರುವ ಸಡಾ ಗುಡ್ಡದಿಂದ ಬಂದರಿನ ಕೂಲಿಗಳು ಇಳಿದು ಬರುತ್ತಿದ್ದಾರೆ.

ಮೌಲಾಬಿಗೆ ಐವತ್ತೆರಡು. ಊರು ಸಿಂದಗಿ ಕಡೆ. ದಿನಕ್ಕೆ ಎರಡು ಬಸ್ಸು ಗುಡಿಸಿ ತೊಳೆಯುವುದು ಅವರ ಕೆಲಸ. ಸೀಟು ತೊಂಬತ್ತು. ಪ್ರತಿ ಸೀಟಿಗೂ ಒಮ್ಮೆ ಮೊಣಕಾಲೂರಿ ಬಗ್ಗಬೇಕು. ಚೀಲ ಕೇಳುವ ಕೆಲಸವನ್ನು ಅವರಿಗೆ ಯಾರೂ ಕೊಟ್ಟಿಲ್ಲ.

ಐದು ವರ್ಷದ ಹಿಂದೆ, ೧೯೯೩ರ ಮಾರ್ಚ್ ಹನ್ನೆರಡು, ಶುಕ್ರವಾರ. ಮುಂಬಯಿಯಲ್ಲಿ ಒಂದರ ಹಿಂದೊಂದು ಬಾಂಬು ಸಿಡಿದ ಮಧ್ಯಾಹ್ನ. ಅಲ್ಲಿಯ ಬಟ್ಟೆ ಅಂಗಡಿಯೊಂದರಲ್ಲಿ ಗಂಟು ಹೊರುತ್ತಿದ್ದ ಅವರ ಮಗ ಹುಸೇನಸಾಬನಿಗೆ ಆಗ ಇಪ್ಪತ್ತೆರಡು. ಜೊತೆಗಿದ್ದು ಬದುಕಿ ಉಳಿದ ಮೀರಾಸಾಬ ಸಡಾಕ್ಕೆ ಬಂದು ಸುದ್ದಿ ಹೇಳಿದ: ಅಂಗಡಿಯ ಮುಂದೆ ಯಾರದೋ ಸ್ಕೂಟರ್ ನಿಂತಿತ್ತು. ಎಲ್ಲರೂ ಅದನ್ನು ದಾಟಿ ಓಡಾಡಿದರು. ಹುಸೇನ ಅದರ ಸೀಟಿನ ಮೇಲೆ ಡಬ್ಬಿ ಇಟ್ಟು ಉಂಡ.

"ಯಾರದು ಅಂತ ಒಬ್ಬರೂ ಕೇಳಲಿಲ್ಲಂತ," ಅವರ ಬಗ್ಗೆ ಬರೆಯಲು ಬಂದ ನನಗೆ ಮೌಲಾಬಿ ಹೇಳುತ್ತಾರೆ. "ನನ್ನ ಮಗಾನೂ ಕೇಳಲಿಲ್ಲ. ಉಣ್ಣಾಕ ಎತ್ತರ ಚಲೋ ಐತಿ ಅಂದನಂತ."

ಅವರು ಅಳುವುದಿಲ್ಲ. ಬಕೆಟ್ಟಿನ ನೀರು ಚೆಲ್ಲಿ ಬರುತ್ತಾರೆ. ಆ ಹೊತ್ತಿನಲ್ಲಿ ನಾನು ಸಮುದ್ರ ನೋಡುತ್ತೇನೆ.

ಬಸ್ಸು ತುಂಬಿದ ಮೇಲೆ ಬಾಗಿಲಲ್ಲಿ ನಿಂತು ದಿನವೂ ಇದನ್ನೇ ಹೇಳುತ್ತಾರೆ. ಸ್ಕೂಟರ್, ಡಬ್ಬಿ, ಹುಸೇನ. ಎರಡು ನಿಮಿಷ. "ಹೇಳದಿದ್ರ ಮಂದಿ ನಗತಾರ. ಹೇಳಿದ್ರ ಚೀಲದ ಮ್ಯಾಲ ಕೈ ಇಡತಾರ. ಐದು ವರ್ಷಕ್ಕ ಎಲ್ಲಾರೂ ಮರತಾರ್ರಿ. ಮರತಲ್ಲೇ ಬಾಂಬಿನವರು ಮತ್ತ ತಂದಿಡತಾರ."

ನಗುವವರು ಈಗಲೂ ಇದ್ದಾರೆ. ಒಮ್ಮೆ ಮಾಲೀಕರಿಲ್ಲದ ಗಂಟು ನೋಡಿ ಪೊಲೀಸರನ್ನು ಕರೆಸಿದರೆ ಒಳಗಿದ್ದುದು ಒಣಮೀನು. ಅಂದಿನಿಂದ ಡ್ರೈವರುಗಳಿಗೆ ಅವರು 'ಬಾಂಬ್ ಬೀಬಿ'. ಮತ್ತೊಬ್ಬ ಪ್ರಯಾಣಿಕ, "ಇಟ್ಟವರು ನಿಮ್ಮವರ ಅಲ್ಲೇನು?" ಎಂದಿದ್ದ.

"ಸತ್ತಾಂವ ನನ್ನಾಂವ," ಎಂದರಂತೆ ಮೌಲಾಬಿ. "ಇಟ್ಟಾಂವ ಯಾರವನಾದ್ರೂ ನನ್ನ ವೈರಿ. ನೀ ಚೀಲ ತೋರಸು."

ಇದುವರೆಗೆ ಎಷ್ಟು ಬಾಂಬು ಸಿಕ್ಕಿವೆ?

"ಒಂದೂ ಇಲ್ರಿ. ಸಿಗಬಾರದಂತನ ಹುಡುಕತೇನಿ."

ಈ ತಿಂಗಳು ಕೆಲವರು ಹೆದರಿ ಬೇರೆ ಬಸ್ಸು ಹಿಡಿದಿದ್ದಾರೆ. ಮಾಲೀಕರಿಗೆ ದೂರು ಹೋಗಿದೆ. ಮೌಲಾಬಿ ಇವತ್ತು ಅದಕ್ಕೆ ಉತ್ತರ ಹೇಳಬೇಕು. ಟಿಕೆಟ್ ಕೊಡುವ ದೇವಲಪ್ಪ ಎರಡು ಕಪ್ಪಿನಲ್ಲಿ ಚಹಾ ಹಿಡಿದು ಬಂದು ಪಕ್ಕದಲ್ಲಿ ಕೂರುತ್ತಾನೆ.

"ಅಕ್ಕಾ, ಮೊಣಕಾಲು ನೋಡಕೋ, ಹೆಂಗ ಬಾತಾವು. ನಾಳಿಂದ ಆಫೀಸಿನಾಗ ಕೂಡು. ಕುರ್ಚಿ ಐತಿ, ಫ್ಯಾನ್ ಐತಿ. ಬಂದವರಿಗೆ ನೀರು ಕೊಟ್ರ ಸಾಕು. ಪಗಾರ ಈಗಿನಷ್ಟ ಸಿಗತೈತಿ."

"ಮತ್ತ?"

"ಹುಸೇನನ ಸುದ್ದಿ ಮಂದಿ ಮುಂದ ತಗೀಬಾರದು. ಅಷ್ಟ. ತಗದ್ರ ಕೆಲಸಾನ ಇಲ್ಲ ಅಂದಾರ ಮಾಲಕರು. ನಾ ನಿನ್ನ ಚಲೋದಕ್ಕ ಹೇಳಾಕತ್ತೇನಿ."

ಮೌಲಾಬಿ ಕಪ್ಪನ್ನು ಕೆಳಗಿಡುತ್ತಾರೆ.

"ಒಲ್ಲೆ."